ಟಾಕಿಯ ಮೇಲಿನ ಚಂದ್ರ

ತಿರ್ಲಾಪುರದ ಗುಲಾಮಹುಸೇನನಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಆತ್ಮಜ್ಞಾನವಾಯಿತು. ಆದದ್ದು ಫೆಬ್ರುವರಿ ತಿಂಗಳಲ್ಲಿ, ಸಂಜೆ ಆರು ಐವತ್ತಕ್ಕೆ, ಅವನ ಮನೆಯ ಮಾಳಿಗೆಯ ಮೇಲೆ. ವೀಡಿಯೊ ಇರುವುದರಿಂದ ವೇಳೆಯ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ.

ಅಲ್ಲಿಯವರೆಗೆ ಅವನು ಹತ್ತಿ, ಕಡಲೆ ಬೆಳೆದುಕೊಂಡು, ಬೀಡಿ ಸೇದಿಕೊಂಡು, ಹೆಂಡತಿ ಮರಿಯಮಬಿಯ ಕೈಯಲ್ಲಿ ಬೈಸಿಕೊಂಡು ನೆಟ್ಟಗೇ ಇದ್ದ. ಊರಲ್ಲಿ ಅವನಿಗೆ ಒಂದು ವಿಶೇಷ ಮರ್ಯಾದೆ ಮಾತ್ರ ಮೊದಲಿನಿಂದಲೂ ಇತ್ತು. ರಮಜಾನ್ ಶುರುವಾಗುವ ಚಂದ್ರನನ್ನೂ ಈದಿನ ಚಂದ್ರನನ್ನೂ ತಿರ್ಲಾಪುರದಲ್ಲಿ ಮೊದಲು ನೋಡುವವನು ಅವನೇ. ಮೂವತ್ತೊಂಬತ್ತು ವರ್ಷದಿಂದ ಹೀಗೇ. ಮಧ್ಯೆ ಟೀವಿ ಬಂತು, ಮೊಬೈಲು ಬಂತು, ಚಂದ್ರ ಎಷ್ಟು ನಿಮಿಷಕ್ಕೆ ಮುಳುಗುತ್ತಾನೆಂದು ಹೇಳುವ ಆ್ಯಪು ಬಂತು. ಆದರೂ ಚಂದ್ರನ ಲೆಕ್ಕದ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಜಮಾತಿನವರು ಮಸೀದಿಯ ಕಟ್ಟೆಯ ಮೇಲೆ ಕೂತು 'ಹುಸೇನ ಇನ್ನೂ ಮಾಳಿಗಿ ಇಳಿದಿಲ್ಲೇನ?' ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಇದರಲ್ಲಿ ಒಂದೇ ಒಂದು ಸಣ್ಣ ತೊಡಕಿತ್ತು. ಗುಲಾಮಹುಸೇನನಿಗೆ ಚಂದ್ರ ಕಾಣುತ್ತಿರಲಿಲ್ಲ.

ಹುಣ್ಣಿಮೆಯ ಚಂದ್ರ ಕಾಣುತ್ತಿತ್ತು, ಅದೇನು, ಎಮ್ಮೆಗೂ ಕಾಣುತ್ತದೆ. ನೂಲಿನೆಳೆಯಂಥ ಹೊಸ ಚಂದ್ರ ಮಾತ್ರ ಅವನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಹರೆಯದಿಂದಲೇ ಅವನಿಗೆ ದೂರದ್ದು ಮಸುಕು. ಕನ್ನಡಕ ಹಾಕಿಕೊಳ್ಳಬಹುದಿತ್ತು, ಆದರೆ ಚಂದ್ರ ನೋಡುವವನೇ ಕನ್ನಡಕ ಹಾಕಿಕೊಂಡರೆ ಊರಲ್ಲಿ ಏನು ಮರ್ಯಾದೆ ಉಳಿದೀತು?

ಚಂದ್ರನನ್ನು ನೋಡುತ್ತಿದ್ದವಳು ಮರಿಯಮಬಿ. ಮದುವೆಯಾದ ವರ್ಷ ಈದು ಮೇ ತಿಂಗಳ ಕೊನೆಗೆ ಬಂದಿತ್ತು. ಆಕಾಶದ ತುಂಬ ಮೋಡ. ಹತ್ತೊಂಬತ್ತರ ಹುಡುಗಿ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದವಳು, ಮೋಡದ ಸಂದಿಯಲ್ಲಿ, ಹಳ್ಳದ ದಂಡೆಯ ಜಾಲಿ ಗಿಡದ ಮೇಲೆ, ಕತ್ತರಿಸಿ ಬಿದ್ದ ಉಗುರಿನಷ್ಟು ಬೆಳಕು ಕಂಡು 'ಅಲ್ಲಿ ನೋಡ್ರಿ' ಎಂದಳು. ಗಂಡ ನೋಡಿದ. ಏನೂ ಕಾಣಲಿಲ್ಲ. 'ಹೂಂ' ಎಂದ. ದಡದಡ ಇಳಿದು ಮಸೀದಿಗೆ ಓಡಿದ. 'ನಾ ನೋಡಿದೆ' ಎಂದ. ಆ ಹೊತ್ತಿಗೆ ಸುತ್ತಲಿನ ನಾಲ್ಕು ಊರಲ್ಲಿ ಯಾರಿಗೂ ಚಂದ್ರ ಕಂಡಿರಲಿಲ್ಲ. ಮರುದಿನ ಬೇರೆ ಕಡೆಯಿಂದಲೂ ಸುದ್ದಿ ಬಂದು ಅವನ ಮಾತು ಖರೆಯಾಯಿತು. ಅಂದಿನಿಂದ ಅವನು ಚಾಂದ್ ಹುಸೇನನಾದ. ಹುಡುಗಿಗೆ ಗಂಡನ ಹೆಸರು ದೊಡ್ಡದಾದದ್ದಕ್ಕೆ ಹಿಗ್ಗೇ ಆಯಿತು. ತಾನು ಬುತ್ತಿ ಕಟ್ಟಿಕೊಟ್ಟರೆ ಅವನು ಹೊಲದಲ್ಲಿ ಉಣ್ಣುವುದಿಲ್ಲವೇ, ಇದೂ ಹಾಗೇ ಅಂದುಕೊಂಡಳು.

ಮುಂದೆ ಅದೇ ಪದ್ಧತಿಯಾಯಿತು. ಪ್ರತಿ ತಿಂಗಳು ಇಪ್ಪತ್ತೊಂಬತ್ತಕ್ಕೆ ಗಂಡ ಹೆಗಲಿಗೆ ಶಾಲು ಹಾಕಿಕೊಂಡು ಮಾಳಿಗೆಯ ನಡುವೆ ನಿಲ್ಲುವನು. ಅವಳು ಮೆಣಸಿನಕಾಯಿ ಬಳಿದುಕೊಳ್ಳಲೆಂದೋ ಸಂಡಿಗೆ ತೆಗೆಯಲೆಂದೋ ಹತ್ತುವಳು. ತನಗೇ ಹೇಳಿಕೊಂಡ ಹಾಗೆ 'ಬೇವಿನ ಗಿಡದ ಬಾಜೂಕ' ಎನ್ನುವಳು. ಅವನು 'ಹೂಂ, ನನಗೂ ಕಾಣ್ತು' ಎನ್ನುವನು. ಮನೆಯಲ್ಲಿ ಅವರು ಅರ್ಧ ಉರ್ದು, ಅರ್ಧ ಕನ್ನಡ ಮಾತಾಡುತ್ತಿದ್ದರು, ಜಗಳ ಮಾತ್ರ ಪೂರ್ತಿ ಕನ್ನಡದಲ್ಲಿ. ಆದರೆ ಈ ವಿಷಯವನ್ನು ಯಾವ ಭಾಷೆಯಲ್ಲೂ ಒಮ್ಮೆಯೂ ಎತ್ತಲಿಲ್ಲ.

ಅವಳಿಗೆ ಎತ್ತುವ ಅಗತ್ಯವೂ ಇರಲಿಲ್ಲ, ಏಕೆಂದರೆ ಹೆಸರು ಗಂಡನಿಗೆ ಹೋದರೂ ಚಂದ್ರ ಅವಳಿಗೇ ಉಳಿದಿತ್ತು. ಗಂಡ ಮಸೀದಿಗೆ ಓಡಿದ ಮೇಲೆ ಮಾಳಿಗೆಯ ಮೇಲೆ ಅವಳೊಬ್ಬಳೇ. ಕೆಳಗೆ ಒಲೆ, ದನ, ಮೊಮ್ಮಕ್ಕಳು. ಮೇಲೆ ಹತ್ತು ಹದಿನೈದು ನಿಮಿಷ ಯಾರೂ ಇಲ್ಲ. ಅವಳು ಚಂದ್ರನಿಗೆ ಹೇಳುತ್ತಿದ್ದುದು ಇಷ್ಟೇ: 'ಬಂದಿ? ಚಲೋ ಆತು. ನಾನೂ ಅದೀನಿ.' ಐದು ಹೊತ್ತಿನ ನಮಾಜನ್ನು ಅವಳು ಬಿಟ್ಟವಳಲ್ಲ, ಆದರೆ ಅದರ ಅರಬ್ಬಿ ಬಾಯಿಪಾಠ ಇತ್ತೇ ಹೊರತು ಅರ್ಥ ಗೊತ್ತಿರಲಿಲ್ಲ. ಈ ಮೂರು ಮಾತು ಮಾತ್ರ ಅವಳದೇ. ಚಂದ್ರನಿಗೆ ಹೇಳಿದರೆ ಅವನನ್ನು ಕಳಿಸಿದವನಿಗೆ ಮುಟ್ಟುತ್ತದೆ ಎಂದು ಅವಳಿಗೆ ಪೂರಾ ನಂಬಿಕೆ. ಮಗ ಹುಟ್ಟಿ ಸತ್ತ ವರ್ಷವೂ ಹೇಳಿದ್ದಳು, ಹಳ್ಳ ಬಂದು ಬೆಳೆ ಕೊಚ್ಚಿಹೋದ ವರ್ಷವೂ ಹೇಳಿದ್ದಳು.

ಹೀಗೆ ನೋಡುತ್ತ ನೋಡುತ್ತ ಅವಳಿಗೆ ಇನ್ನೊಂದು ಸಂಗತಿ ತಿಳಿದಿತ್ತು. ಹೊಸ ಚಂದ್ರ ಎಲ್ಲ ತಿಂಗಳೂ ಒಂದೇ ಜಾಗದಲ್ಲಿ ಬರುವುದಿಲ್ಲ. ತಿರ್ಲಾಪುರದ ಸುತ್ತ ಗುಡ್ಡವಿಲ್ಲ, ಕಪ್ಪು ನೆಲ ಆಕಾಶದ ಅಂಚಿನ ತನಕ ಚಾಪೆ ಹಾಸಿದಂತೆ ಬಿದ್ದಿದೆ, ಅಲ್ಲಿ ಚಂದ್ರ ಕಳ್ಳಾಟ ಆಡುವಂತಿಲ್ಲ. ಎಳ್ಳಮಾಸಿಯ ಚಳಿಯಲ್ಲಿ ಅವನು ಎಡಕ್ಕೆ, ಶಾಲೆಯ ಗೋಡೆಯ ಮೇಲೆ. ಕಡಲೆ ಕೀಳುವ ಹೊತ್ತಿಗೆ ನೀರಿನ ಟಾಕಿಯ ಮೇಲೆ. ಬೇವು ಹೂ ಬಿಟ್ಟಾಗ ಉಡಚಪ್ಪನ ಹೊಲದ ಬೇವಿನ ಗಿಡದ ಹತ್ತಿರ. ಬಿಸಿಲು ಏರಿ ಮೊದಲ ಮಳೆಯ ಮೋಡ ಕಟ್ಟುವಾಗ ಬಲಕ್ಕೆ, ಹಳ್ಳದ ಜಾಲಿಯ ಮೇಲೆ. ಅಲ್ಲಿಂದ ಮತ್ತೆ ಹಿಂದಕ್ಕೆ. ವರ್ಷ ವರ್ಷ ಅವನು ಹೀಗೆ ಹೋಗಿ ಬರುವುದನ್ನು ಕಂಡು ಅವಳಿಗೆ ಒಂದು ಧೈರ್ಯ ಬಂದಿತ್ತು. ಅದಕ್ಕೆ ಅವಳು ಹೆಸರಿಟ್ಟಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಈಗ ಮೊಮ್ಮಗಳು ಬೇಕು, ಆದರೆ ದೂರದ್ದು ಮರಿಯಮಬಿಗೆ ಇವತ್ತಿಗೂ ನಿಚ್ಚಳ.

ಇಂಥ ಮನೆಗೆ ಪ್ರತಾಪ ಬಂದ. ನವಲಗುಂದದ ಈ ತರುಣ ಎರಡು ವರ್ಷ ಅಡುಗೆಯ ವೀಡಿಯೊ ಮಾಡಿ, ಯಾರೂ ನೋಡದೆ, ಈಗ ಅಧ್ಯಾತ್ಮಕ್ಕೆ ಇಳಿದಿದ್ದ. ರಮಜಾನಿನ ಮೊದಲ ಚಂದ್ರ ನೋಡುವ ಸಂಜೆ ಕ್ಯಾಮೆರಾ ಹಿಡಿದು ಮಾಳಿಗೆ ಹತ್ತಿದ. ಮೆಣಸಿನಕಾಯಿ ರಾಶಿಯ ಹಿಂದೆ ಬಗ್ಗಿದ್ದ ಮರಿಯಮಬಿ ರೂಢಿಯಂತೆ 'ಟಾಕಿ ಮ್ಯಾಲ' ಎಂದಳು. ಗುಲಾಮಹುಸೇನ ಟಾಕಿಯ ಕಡೆ ಮುಖ ಮಾಡಿ, ಏನೂ ಕಾಣದೆ, ಕಣ್ಣು ಕಿರಿದು ಮಾಡಿ ಸುಮ್ಮನೆ ನಿಂತ. ಆ ಕಣ್ಣು ಕಿರಿದು ಮಾಡಿದ್ದೇ ಧ್ಯಾನವೆನಿಸಿಕೊಂಡಿತು. ಪ್ರತಾಪ ಹಿಂದೆ ಕೊಳಲು ಸೇರಿಸಿದ, ನಡುವೆ ಯಾವುದೋ ಹೆಂಗಸಿನ ದನಿ ಬಂದು ಕೆಡಿಸುತ್ತಿದೆ ಎಂದು ಅಷ್ಟನ್ನು ಕತ್ತರಿಸಿದ. 'ಚಂದ್ರನ ಜೊತೆ ಮಾತಾಡುವ ರೈತ' ಎಂದು ಹೆಸರಿಟ್ಟ. ಒಂದು ವಾರದಲ್ಲಿ ಮೂರು ಲಕ್ಷ ಜನ ನೋಡಿದರು.

ಮುಂದಿನದನ್ನು ಏನು ಹೇಳುವುದು! ಜನ ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬರತೊಡಗಿದರು. ಬಿಳಿ ಅಂಗಿ ಹಾಕಿಕೊಂಡು ಬಂದರು. ಚಂದ್ರ, ನಿಸರ್ಗ, ಋತುಗಳು, ಮನಶ್ಶಾಂತಿ ಎಂದೆಲ್ಲ ಮಾತಾಡಿದರು, ಎಮ್ಮೆಯ ಸೆಗಣಿ ತುಳಿದಾಗ ಮಾತ್ರ ನಿಸರ್ಗವನ್ನು ಬೈದರು. ಅವರಲ್ಲಿ ಮುಖ್ಯನಾದವನು ಶಂಭುಲಿಂಗಪ್ಪ ಎಂಬ ನಿವೃತ್ತ ಗುಮಾಸ್ತ. ಹತ್ತು ಗುರುಗಳನ್ನು ಮಾಡಿ ಹತ್ತನ್ನೂ ಬಿಟ್ಟಿದ್ದ ಅವನು ಹನ್ನೊಂದನೆಯವನಾಗಿ ಗುಲಾಮಹುಸೇನನನ್ನು ಹಿಡಿದ. 'ಬಾಬಾ' ಎಂದು ಮೊದಲು ಕರೆದವನೂ ಅವನೇ.

ಗುಲಾಮಹುಸೇನ ಮೊದಮೊದಲು ನಾಚಿದ. ಆಮೇಲೆ ನಾಚುವುದನ್ನು ಬಿಟ್ಟ. ಹುಣ್ಣಿಮೆಯ ಸಂಜೆ ಮಾಳಿಗೆಯ ಮೇಲೆ ಇಪ್ಪತ್ತು ಜನರನ್ನು ಕೂರಿಸಿಕೊಂಡು, "ಚಂದ್ರನ್ನ ನೀವು ನೋಡಬ್ಯಾಡ್ರಿ. ಚಂದ್ರ ನಿಮ್ಮನ್ನ ನೋಡ್ಲಿ ಬಿಡ್ರಿ" ಎಂದ. ಜನ ತಲೆದೂಗಿದರು, ಶಂಭುಲಿಂಗಪ್ಪ ಡೈರಿಯಲ್ಲಿ ಬರೆದುಕೊಂಡ. ಕೆಳಗೆ ಚಹಾ ಸೋಸುತ್ತಿದ್ದ ಮರಿಯಮಬಿಗೆ ನಗು ತಡೆಯಲಾಗಲಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಗಂಡ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ನಗು ಬಹಳ ದಿನ ಉಳಿಯಲಿಲ್ಲ. ಜಮಾತಿನ ಸೆಕ್ರೆಟರಿ ಇಲಿಯಾಸ್, ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನು, ಈದಿನ ಚಂದ್ರನಿಗೆ ದೊಡ್ಡ ವ್ಯವಸ್ಥೆ ಮಾಡಹೊರಟ. ಪ್ರತಾಪ ನೇರಪ್ರಸಾರ ಮಾಡುವವನಿದ್ದ. ಇಲಿಯಾಸ್ ಅಂಗಳಕ್ಕೆ ಬಂದು ಹೇಳಿದ, "ಚಾಚಿ, ಆ ದಿನ ಮ್ಯಾಲ ಗಂಡಸರು ಬಾಳ ಕೂಡ್ತಾರ. ಹೆಣ್ಮಕ್ಕಳು ಹತ್ತೂದು ಬ್ಯಾಡ. ಮೆಣಸಿನಕಾಯೂ ಕೆಳಗ ಇಳಸ್ರಿ, ವೀಡಿಯೋದಾಗ ಚಂದ ಕಾಣೂದಿಲ್ಲ."

"ಮೆಣಸಿನಕಾಯಿ ಇಳಸ್ತೀನೊ. ನಾನರ ಮೂಲ್ಯಾಗ ನಿಂದರ್ತೀನಿ."

"ಜಾಗಾನ ಇಲ್ಲ ಚಾಚಿ. ನೀವು ಚಾದ ಕಡೆ ನೋಡ್ಕೊಂಡ್ರ ಅದ ದೊಡ್ಡ ಸೇವಾ."

ಆ ಸಂಜೆ ಅವಳು ಗಂಡನನ್ನೇ ಕೇಳಿದಳು. "ಇಪ್ಪತ್ತೊಂಬತ್ತಕ್ಕ ನಾ ಮ್ಯಾಲ ಬರಬೇಕಲ್ರಿ?"

"ಈ ಸರ್ತಿ ಬ್ಯಾಡ. ನಾ ನೋಡ್ತೀನಿ."

"ನೀವು?"

ಅವಳು ಕೇಳಿದ್ದು ಆ ಒಂದೇ ಮಾತು. ಗುಲಾಮಹುಸೇನನಿಗೆ ಬಾಬಾಗೆ ಬರಬಾರದಂಥ ಸಿಟ್ಟು ಬಂತು. "ಯಾಕ, ನನಗ ಕಣ್ಣಿಲ್ಲೇನ? ಇಷ್ಟ ವರ್ಷ ಊರಿಗೆ ಚಂದ್ರ ತೋರಿಸಿದವ ಯಾರ ಮತ್ತ?" ಎಂದು ಕೇಳಿ ಎದ್ದುಹೋದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಹಾಗೇ ಅನಿಸತೊಡಗಿತ್ತು. ಹೆಸರು ಹೋದದ್ದಕ್ಕೆ ಮರಿಯಮಬಿಗೆ ಎಂದೂ ಬೇಸರವಾಗಿರಲಿಲ್ಲ. ಈಗ ಇವರು ಆ ಹದಿನೈದು ನಿಮಿಷವನ್ನೇ ಕಿತ್ತುಕೊಳ್ಳುತ್ತಿದ್ದರು, ಅದೂ ಮನಶ್ಶಾಂತಿಯ ಹೆಸರಿನಲ್ಲಿ.

ಇಪ್ಪತ್ತೊಂಬತ್ತನೆಯ ರೋಜಾ ಉಪವಾಸದ ಸಂಜೆ ಬಂತು. ಮಾಳಿಗೆಯ ಮೇಲೆ ನಲವತ್ತು ಜನ. ಮಣ್ಣಿನ ಮಾಳಿಗೆ, ತೊಲೆಗಳು ನರಳುತ್ತಿದ್ದವು. ಕೆಳಗೆ ಹಿಟ್ಟಿನಂತೆ ಮಣ್ಣು ಉದುರಿ ಚಹಾದ ಪಾತ್ರೆಗೆ ಬಿತ್ತು. ಮರಿಯಮಬಿ ಅದನ್ನು ಸೋಸಲಿಲ್ಲ. ನಿಸರ್ಗ ಬೇಕೆಂದು ಬಂದವರು, ಕುಡಿಯಲಿ ಅಂದುಕೊಂಡಳು. ಮಸೀದಿಯಲ್ಲಿ ಬಾಂಗ್ ಕೂಗಿದರು. ಮೇಲಿದ್ದವರು ಖರ್ಜೂರ ತಿಂದು ರೋಜಾ ಬಿಟ್ಟರು, ಅಲ್ಲೇ ಸಾಲಾಗಿ ನಿಂತು ನಮಾಜು ಮುಗಿಸಿದರು. ಅವಳೂ ಒಳಗೆ ಒಂದು ಗುಟುಕು ನೀರು ಕುಡಿದು ತನ್ನ ನಮಾಜು ಮುಗಿಸಿ, ಹಿತ್ತಲಿನ ದನದ ಕೊಟ್ಟಿಗೆಗೆ ನಡೆದಳು.

ಕೊಟ್ಟಿಗೆಯ ಪಡುವಣ ಗೋಡೆ ಒಂದು ಕಡೆ ಕುಸಿದಿತ್ತು. ಅಲ್ಲಿ ದನ ನೀರು ಕುಡಿಯುವ ಕಲ್ಲಿನ ಬಾನಿ. ಐವತ್ತೆಂಟು ವರ್ಷದ ಹೆಂಗಸು ಸೆರಗು ಸಿಕ್ಕಿಸಿಕೊಂಡು, ಎಮ್ಮೆಯ ಬೆನ್ನು ಹಿಡಿದು, ಬಾನಿಯ ಅಂಚು ಹತ್ತಿ ನಿಂತಳು. ಎಮ್ಮೆ ಬೆರಗಾಗಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಬೇವು ಹೂ ಬಿಟ್ಟ ವಾಸನೆ ಉಡಚಪ್ಪನ ಹೊಲದಿಂದ ತೇಲಿ ಬರುತ್ತಿತ್ತು. ಅವಳು ಬೇವಿನ ಗಿಡದ ಬಲಕ್ಕೆ, ಒಂದು ಗೇಣು ಮೇಲೆ ನೋಡಿದಳು. ಇದ್ದ. ತೊಟ್ಟಿಲ ಹಾಗೆ ಅಂಗಾತ ಮಲಗಿ, ತನ್ನ ಜಾಗದಲ್ಲೇ ಇದ್ದ.

"ಬಂದಿ?" ಎಂದಳು.

ಮುಂದಿನ ಮಾತು ಬಾಯಿಂದ ಹೊರಡುವ ಮೊದಲೇ ಮಾಳಿಗೆಯಿಂದ ಗಂಡನ ದನಿ ಬಂತು. "ಕಾಣ್ತು! ಟಾಕಿ ಮ್ಯಾಲ!"

ಮರಿಯಮಬಿ ಬಾನಿಯ ಮೇಲಿಂದಲೇ ಮಾಳಿಗೆಯತ್ತ ಹೊರಳಿದಳು. ಟಾಕಿ! ಹೋದ ತಿಂಗಳು ಅವಳೇ ಹೇಳಿದ ಜಾಗ. ಮೂವತ್ತೊಂಬತ್ತು ವರ್ಷ ಚಂದ್ರ ನೋಡಿದ ಗಂಡಸಿಗೆ ಚಂದ್ರ ಜಾಗ ಬದಲಿಸುತ್ತಾನೆಂಬುದು ಗೊತ್ತಿರಲಿಲ್ಲ, ಅವಳು ಹೇಳಿದ ಜಾಗವನ್ನು ಅವನು ಪ್ರತಿ ಸಲವೂ ಮಸೀದಿ ಮುಟ್ಟುವುದರೊಳಗೆ ಮರೆತುಬಿಡುತ್ತಿದ್ದ. ಮೂರು ಲಕ್ಷ ಜನರ ಕಣ್ಣಿಗೆ ಚಂದ್ರನ ಜೊತೆ ಮಾತಾಡುವವನು, ಚಂದ್ರನಿಗೆ ನೀರಿನ ಟಾಕಿಯೇ ಕಾಯಂ ಮನೆ ಎಂದುಕೊಂಡಿದ್ದ.

ಮೇಲೆ ಗದ್ದಲವೆದ್ದಿತು. ಯಾರಿಗೂ ಏನೂ ಕಂಡಿರಲಿಲ್ಲ, ಹಾಗೆಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. "ಆಹಾ, ಎಂಥಾ ತೇಜಸ್ಸರಿ!" ಎಂದು ಶಂಭುಲಿಂಗಪ್ಪ ಟಾಕಿಗೆ ಕೈಮುಗಿದ. "ನನಗೂ ಕಾಣಾಕತ್ತೇತಿ" ಎಂದು ನಾಲ್ಕು ಜನ ದನಿಗೂಡಿಸಿದರು. ಆಗ ಜಮಾತಿನ ಹಿರಿಯ ಅಬ್ದುಲಮಜೀದನ ಗೊಗ್ಗರು ದನಿ ಕೇಳಿಸಿತು.

"ನನಗ ಕಾಣವಲ್ದು. ಹುಸೇನ, ಚಂದ್ರನ ಕೊಂಬು ಯಾ ಕಡೆ ಅದಾವು?"

"ಬಲಕ್ಕ," ಎಂದ ಗುಲಾಮಹುಸೇನ.

"ಈ ದಿನಮಾನದಾಗ ಬಲಕ್ಕ? ಮ್ಯಾಲ ಇರಬೇಕಲ್ಲೊ." ಅಬ್ದುಲಮಜೀದನ ದನಿ ಏರಿತು. "ನಾಳೆ ಊರ ಹಬ್ಬ ಮಾಡಬೇಕೋ, ರೋಜಾ ಹಿಡೀಬೇಕೋ, ನಿನ್ನ ಮಾತಿನ ಮ್ಯಾಲ ಐತಿ. ಅಲ್ಲಾನ ಹೆಸರ ಮ್ಯಾಲ ಆಣಿ ಮಾಡಿ ಹೇಳು, ನಿನ್ನ ಕಣ್ಣಿಲೆ ನೋಡಿದಿ?"

ಮರಿಯಮಬಿಗೆ ಗಂಡ ಗೊತ್ತಿದ್ದ. ಅಷ್ಟು ಜನರ ಮುಂದೆ, ಕ್ಯಾಮೆರಾದ ಮುಂದೆ, ಅವನು ಆಣೆ ಮಾಡಿಯೇಬಿಡುತ್ತಾನೆ. ಮೂರ್ಖ ನಿಜ. ಹೆಮ್ಮೆ ತಲೆಗೇರಿದ್ದೂ ನಿಜ. ಆದರೂ ಅವನು ಅವಳ ಮೂರ್ಖನೇ ಆಗಿದ್ದ, ಸುಳ್ಳು ಆಣೆ ಮಾಡಿ ಹಾಳಾಗಲಿ ಎಂದು ಬಿಡಲು ಅವಳಿಂದ ಆಗಲಿಲ್ಲ. ಅತ್ತ ಚಂದ್ರ ಇಳಿಯುತ್ತಿದ್ದ. ಇನ್ನು ಏಳೆಂಟು ನಿಮಿಷ ಇದ್ದಾನು. ಇಲ್ಲಿ ನಿಂತರೆ ಆ ನಿಮಿಷಗಳೆಲ್ಲ ಅವಳವು. ಅವಳು ಚಂದ್ರನ ಕಡೆ ಒಮ್ಮೆ ನೋಡಿ, ಬಾನಿಯಿಂದ ಇಳಿದು, ನಿಚ್ಚಣಿಕೆಯತ್ತ ಓಡಿದಳು.

ನಿಚ್ಚಣಿಕೆಯ ಕೊನೆಯ ಮೆಟ್ಟಿಲಲ್ಲಿ ಅವಳ ತಲೆ ಕಂಡೊಡನೆ ಇಲಿಯಾಸ್, "ಚಾಚಿ, ಚಾ ಆಮ್ಯಾಲೆ" ಎಂದ.

"ಚಾ ಅಲ್ಲೋ. ಟಾಕಿ ಮ್ಯಾಲ ಏನೈತೆಂತ ನೋಡಾಕತ್ತೀರಿ? ಅಲ್ಲಿ ಹೋದ ತಿಂಗಳ ಇದ್ದ. ಉಡಚಪ್ಪನ ಬೇವಿನ ಗಿಡ ನೋಡ್ರಿ. ಬಲಕ್ಕ. ಕೊಂಬು ಮ್ಯಾಲ ಅದಾವು."

ನಲವತ್ತು ತಲೆಗಳು ಒಟ್ಟಿಗೆ ತಿರುಗಿದವು. ಆಮೇಲೆ ಹೋ ಎಂದು ಕೂಗು. ಈ ಸಲ ಎಲ್ಲರಿಗೂ ಕಂಡಿತ್ತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು 'ಚಾಂದ್ ಮುಬಾರಕ್' ಎಂದರು, ಕೆಳಗೆ ಓಣಿಯಲ್ಲಿ ಪಟಾಕಿ ಹಾರಿತು. ಅಬ್ದುಲಮಜೀದ ಗುಲಾಮಹುಸೇನನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಕಣ್ಣು ಚಲೋ ಅದಾವಪಾ. ಮನ್ಯಾಗ ಜೋಪಾನ ಇಟ್ಟಿ" ಎಂದ. ಗುಲಾಮಹುಸೇನ ತಲೆ ತಗ್ಗಿಸಿದ.

ಅವನ ಮಾನ ಅಲ್ಲಿಗೇ ಹೋಗಬೇಕಿತ್ತು. ಆದರೆ ಭಕ್ತರು ಇರುವುದೇಕೆ? ಶಂಭುಲಿಂಗಪ್ಪ ಕಣ್ಣೀರು ಒರೆಸಿಕೊಳ್ಳುತ್ತ ಕ್ಯಾಮೆರಾದ ಮುಂದೆ ನಿಂತು, "ಬಾಬಾ ನಮ್ಮನ್ನ ಪರೀಕ್ಷಾ ಮಾಡಿದ್ರು! ಅವರು ಟಾಕಿ ಅಂದ್ರು, ನಾವು ಕುರುಡರ ಗತೆ ಟಾಕಿ ನೋಡಿದ್ವಿ. ನಮ್ಮ ಅಹಂಕಾರ ಇಳೀತು!" ಎಂದ. ಪ್ರತಾಪ ಕ್ಯಾಮೆರಾ ಮರಿಯಮಬಿಯ ಕಡೆ ತಿರುಗಿಸಿ, "ನೋಡಿ ವೀಕ್ಷಕರೇ, ಬಾಬಾ ಅವರ ಸಹವಾಸದಿಂದ ಮನೆಯ ಹೆಣ್ಣುಮಗಳಿಗೂ ಇಂದು ಚಂದ್ರದೃಷ್ಟಿ ಬಂದಿದೆ" ಎಂದ. ಇಪ್ಪತ್ತು ಸಾವಿರ ಜನ ಕೈಮುಗಿದ ಚಿತ್ರ ಒತ್ತಿದರು.

ಮರಿಯಮಬಿ ನಿಚ್ಚಣಿಕೆಯ ತುದಿಯಲ್ಲೇ ನಿಂತಿದ್ದಳು. ಅವಳ ಮುಂದೆ ಬರೀ ಬೆನ್ನುಗಳು. ಎಡಕ್ಕೆ ಬಾಗಿದಳು, ಬೆನ್ನು. ಬಲಕ್ಕೆ ಬಾಗಿದಳು, ಮೊಬೈಲು ಎತ್ತಿ ಹಿಡಿದ ಕೈಗಳು. "ಸ್ವಲ್ಪ ಸರೀರಿ" ಎಂದಳು. ಯಾರೂ ಸರಿಯಲಿಲ್ಲ. ಜನ ಇಳಿದು ಮಾಳಿಗೆ ಖಾಲಿಯಾದಾಗ ಬೇವಿನ ಗಿಡದ ಹತ್ತಿರ ಬೇವಿನ ಗಿಡ ಒಂದೇ ಇತ್ತು. ಅವಳಿಗೆ ಅಳು ಬಂತು, ಅತ್ತಳು. ಮದುವೆಯಾಗಿ ಬಂದಂದಿನಿಂದ ಅವಳು ಚಂದ್ರನೊಡನೆ ಮಾತು ಅರ್ಧಕ್ಕೆ ಬಿಟ್ಟ ಮೊದಲ ತಿಂಗಳು ಅದು.

ಸ್ವಲ್ಪ ಹೊತ್ತಿನಲ್ಲೇ ಗುಲಾಮಹುಸೇನ ಅಡುಗೆಮನೆಗೆ ಬಂದ. ಅವಳು ನಾಳೆಯ ಹಬ್ಬದ ಪಾಯಸ ಸುರಕುರಮಕ್ಕೆ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದಳು. ಅವನು ಶಾಲು ತೆಗೆದು ಮಡಚಿಟ್ಟು, ಮಣೆಯ ಮೇಲೆ ಕೂತು, ಒಲೆಗೆ ಒಂದು ಕಟ್ಟಿಗೆ ಸರಿಸಿದ. ಬಾಬಾ ಇಳಿದುಹೋಗಿ ಹಳೆಯ ಗಂಡ ಉಳಿದಿದ್ದ. ಅವಳಿಗೆ ಕನಿಕರವಾಯಿತು. ಇವತ್ತಾದರೂ ಒಂದು ಮಾತು ಆಡಿಯಾನು ಎಂದು ಸೌಟು ನಿಲ್ಲಿಸಿದಳು.

"ಮರಿಯಮಾ," ಎಂದ. "ನನಗ ಗೊತ್ತ ಇರಲಿಲ್ಲ ನೋಡು, ಅವ ಹಂಗ ಸರೀತಾನಂತ."

"ಹೂಂ."

"ಪ್ರತಾಪ ಹೇಳಾಕತ್ತಿದ್ದ, ಮುಂದಿನ ತಿಂಗಳ ಬೆಳಗಾವಿಯಿಂದ ಎರಡ ಬಸ್ ಮಂದಿ ಬರ್ತಾರಂತ. ಇಲಿಯಾಸ್ ಮಾಳಿಗಿ ಸುತ್ತ ಕಬ್ಬಿಣದ ಕಟಾಂಜನ ಹಾಕಸ್ತಾನಂತ." ಅವನು ಮಣೆಯನ್ನು ಅವಳ ಹತ್ತಿರ ಎಳೆದುಕೊಂಡ. "ನೀ ಮ್ಯಾಲ ಬರೂದೇನು ಬ್ಯಾಡ. ತ್ರಾಸ ತಗೋಬ್ಯಾಡ. ಇಲ್ಲೇ, ಕೆಳಗ ಇದ್ದಾಗ, ಬರೇ ಜಾಗಾ ಹೇಳು. ಮುಂದಿನ ತಿಂಗಳ ಎಲ್ಲಿ ಬರ್ತಾನು?"

ಮರಿಯಮಬಿ ಅವನ ಮುಖ ನೋಡಿದಳು. ಬೇವಿನ ಗಿಡದಿಂದ ನಾಲ್ಕು ಮಾರು ಬಲಕ್ಕೆ, ಉಡಚಪ್ಪನ ಪಂಪಿನ ಗುಡಿಸಲ ಮೇಲೆ. ಅದರ ಮುಂದಿನ ತಿಂಗಳು ಹಳ್ಳದ ಜಾಲಿ. ಹನ್ನೆರಡು ತಿಂಗಳ ಹನ್ನೆರಡು ಜಾಗ ಅವಳ ಕಣ್ಣ ಮುಂದೆ ಸಾಲಾಗಿ ನಿಂತವು. ಶಾವಿಗೆ ಹೊತ್ತುವ ವಾಸನೆ ಬಂತು, ಅವಳು ಬಾಣಲೆ ಇಳಿಸಿದಳು.

"ಗೊತ್ತಿಲ್ರಿ," ಎಂದಳು.

ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಹೇಳಿದ ಮೊದಲ ಸುಳ್ಳು ಅದು. ಹೇಳಿದ ಮೇಲೆ ಅವಳಿಗೆ ಹಬ್ಬ ಬಂತು ಅನಿಸಿತು.